ದೊಡ್ಡ ಚಕ್ರ ಕಟ್ಟಿದ ಜಾರ್ಜ್ ಫೆರಿಸ್



ಜಾತ್ರೆ ಹತ್ತಿರ ಬಂತೆಂದರೆ ಶಾಲೆಯಲ್ಲಿ ನಿಮ್ಮದು ಒಂದೇ ಮಾತು, ಅಲ್ಲವೇ? ಈ ಸಲ ಏನೋ ಹೊಸ ಆಟ ಬರುತ್ತದಂತೆ, ಹೋದ ವರ್ಷಕ್ಕಿಂತ ಎತ್ತರದ ಜೈಂಟ್ ವೀಲ್ ತರುತ್ತಾರಂತೆ, ಸುರುಳಿ ಸುತ್ತುವ ರೈಲು ಬರುತ್ತದಂತೆ ಎಂದು ಒಬ್ಬರಿಗಿಂತ ಒಬ್ಬರು ಜಾಸ್ತಿ ಹೇಳುತ್ತೀರಿ. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಿರಲಿ, ಹೊಳೆನರಸೀಪುರದ ನರಸಿಂಹಸ್ವಾಮಿಯ ರಥೋತ್ಸವವಿರಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಷಷ್ಠಿ ಜಾತ್ರೆಯಿರಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯಿರಲಿ, ಮಕ್ಕಳ ಕಣ್ಣು ಮೊದಲು ಹುಡುಕುವುದು ಆಟದ ಚಕ್ರಗಳನ್ನೇ.

ಇಂಗ್ಲಿಷ್ ಪುಸ್ತಕಗಳಲ್ಲಿ ಜೈಂಟ್ ವೀಲ್‌ಗೆ ಫೆರಿಸ್ ವೀಲ್ ಎಂಬ ಹೆಸರಿದೆ. ಫೆರಿಸ್ ಎಂಬುದು ಒಬ್ಬ ಮನುಷ್ಯನ ಹೆಸರು. ಸೇತುವೆ ಕಟ್ಟುವ ಕೆಲಸ ಕಲಿತ ಈ ಎಂಜಿನಿಯರ್, ಆಗುವುದಿಲ್ಲ ಎಂದು ಎಲ್ಲರೂ ಹೇಳಿದ ಚಕ್ರವೊಂದನ್ನು ಕಟ್ಟಿ ತಿರುಗಿಸಿ ತೋರಿಸಿದರು. ಅವರ ಕತೆಯನ್ನು ಈಗ ತಿಳಿಯೋಣ.

ಬಾಲ್ಯ ಮತ್ತು ಓದು

ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್ ಹುಟ್ಟಿದ್ದು 1859ರ ಫೆಬ್ರವರಿ 14ರಂದು, ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಎಂಬ ಊರಿನಲ್ಲಿ. ಬಾಲಕ ಜಾರ್ಜ್‌ಗೆ ಐದು ವರ್ಷವಾದಾಗ ಮನೆಯವರು ಪಶ್ಚಿಮದ ನೆವಾಡಾ ಪ್ರದೇಶಕ್ಕೆ ಹೊರಟರು. ಅಲ್ಲಿ ಕಾರ್ಸನ್ ಎಂಬ ನದಿ ಹರಿಯುತ್ತದೆ. ಆ ನದಿಯ ದಡದಲ್ಲಿ ನೀರಿನ ರಭಸಕ್ಕೆ ತಿರುಗುತ್ತಿದ್ದ ದೊಡ್ಡ ಚಕ್ರವನ್ನು ಬಾಲಕ ಜಾರ್ಜ್ ಗಂಟೆಗಟ್ಟಲೆ ನೋಡುತ್ತಿದ್ದನೆಂದು ಹೇಳುವುದುಂಟು. ಇದು ಜನರ ಬಾಯಿಂದ ಬಂದ ಕತೆ.

ದೊಡ್ಡವರಾದ ಮೇಲೆ ಫೆರಿಸ್ ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದ ರೆನ್ಸೆಲಾರ್ ತಾಂತ್ರಿಕ ಸಂಸ್ಥೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1881ರಲ್ಲಿ ಪದವಿ ಪಡೆದರು. ಮೊದಲು ರೈಲು ಮಾರ್ಗಗಳ ಕೆಲಸ, ಆಮೇಲೆ ಸೇತುವೆಗಳ ಕೆಲಸ ಮಾಡಿದರು. ಆಗ ಕಬ್ಬಿಣದ ಜಾಗಕ್ಕೆ ಉಕ್ಕು ಬರುತ್ತಿದ್ದ ಕಾಲ. ಯಾವ ಉಕ್ಕು ಎಷ್ಟು ಭಾರ ತಡೆಯುತ್ತದೆ, ಯಾವುದು ಮುರಿಯುತ್ತದೆ ಎಂದು ಮೊದಲೇ ಪರೀಕ್ಷಿಸದಿದ್ದರೆ ಸೇತುವೆ ಕುಸಿದು ಜನ ಸಾಯುತ್ತಿದ್ದರು. ಫೆರಿಸ್ ಪಿಟ್ಸ್‌ಬರ್ಗ್ ನಗರದಲ್ಲಿ ಸ್ವಂತ ಕಂಪನಿ ತೆರೆದು, ಸೇತುವೆ ಮತ್ತು ರೈಲು ಮಾರ್ಗಗಳಿಗೆ ಬಳಸುವ ಉಕ್ಕನ್ನು ಪರೀಕ್ಷಿಸಿ ಕೊಡತೊಡಗಿದರು. ಮುಂದೆ ಅವರ ಧೈರ್ಯಕ್ಕೆ ಆಧಾರವಾದದ್ದು ಉಕ್ಕಿನ ಈ ತಿಳಿವಳಿಕೆಯೇ.

ಚಿಕಾಗೋ ಮೇಳ

1893ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ಜಾಗತಿಕ ಮೇಳವೊಂದು ನಡೆಯಿತು. ಕೊಲಂಬಸ್ ಅಮೆರಿಕ ಖಂಡ ತಲುಪಿ 400 ವರ್ಷ ಕಳೆದ ನೆನಪಿಗೆ ಏರ್ಪಡಿಸಿದ ಮೇಳ ಅದು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿ. ವಿವೇಕಾನಂದರು ಮಾತನಾಡಿದ 1893ರ ಸೆಪ್ಟೆಂಬರ್ 11ರಂದು ಫೆರಿಸ್ ಅವರ ಚಕ್ರವೂ ಆ ನಗರದಲ್ಲಿತ್ತು!

ಆದರೆ ಮೇಳಕ್ಕೆ ಮುಂಚೆ ಅದರ ಮುಖ್ಯಸ್ಥ ಡೇನಿಯಲ್ ಬರ್ನ್‌ಹ್ಯಾಮ್ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. 1889ರ ಪ್ಯಾರಿಸ್ ಮೇಳಕ್ಕಾಗಿ ಫ್ರಾನ್ಸಿನವರು ಸುಮಾರು 300 ಮೀಟರ್ ಎತ್ತರದ ಐಫೆಲ್ ಗೋಪುರ ಕಟ್ಟಿದ್ದರು. ಅದಕ್ಕೆ ಸರಿಸಾಟಿಯಾದ ಹೊಸ ವಿಚಾರ ಕೊಡಿ ಎಂದು ಬರ್ನ್‌ಹ್ಯಾಮ್ ಎಂಜಿನಿಯರುಗಳಿಗೆ ಸವಾಲು ಹಾಕಿದರು. ಹಲವರು ಇನ್ನೂ ಎತ್ತರದ ಗೋಪುರಗಳ ಚಿತ್ರ ತಂದರು. ಫೆರಿಸ್ ಮಾತ್ರ ಬೇರೆಯೇ ದಾರಿ ಹಿಡಿದರು. ಗೋಪುರ ನಿಂತಲ್ಲೇ ನಿಲ್ಲುತ್ತದೆ. ಜನರನ್ನು ಕೂರಿಸಿಕೊಂಡು ತಿರುಗುವ ಉಕ್ಕಿನ ಚಕ್ರ ಕಟ್ಟಿದರೆ ಹೇಗೆ ಎಂದು ಯೋಚಿಸಿದರು.

ಜನರನ್ನು ಕೂರಿಸಿ ತಿರುಗಿಸುವ ಚಕ್ರ ಅವರಿಗಿಂತ ಮೊದಲೂ ಇತ್ತು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ನಾಲ್ಕು ಮರದ ತೊಟ್ಟಿಲುಗಳನ್ನು ಕಟ್ಟಿ ಕೈಯಿಂದ ತಿರುಗಿಸುವ ರಾಟೆಯನ್ನು ಅವರು ಜಾತ್ರೆಯಲ್ಲಿ ನೋಡಿರಬಹುದು. ಅಮೆರಿಕದಲ್ಲೂ ವಿಲಿಯಂ ಸೋಮರ್ಸ್ ಎಂಬುವರು 1892ರಲ್ಲಿ ಸುಮಾರು 50 ಅಡಿಯ ಮರದ ಚಕ್ರಗಳನ್ನು ಕಟ್ಟಿದ್ದರು. ಫೆರಿಸ್ ಯೋಚಿಸಿದ ಚಕ್ರದ ಎತ್ತರವೋ 264 ಅಡಿ, ಎಂದರೆ ಸುಮಾರು 80 ಮೀಟರ್! ಶ್ರವಣಬೆಳಗೊಳದ ಗೊಮ್ಮಟ ಮೂರ್ತಿ ಸುಮಾರು 58 ಅಡಿ. ಅಂಥ ನಾಲ್ಕು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಈ ಚಕ್ರದ ತುದಿ ಮುಟ್ಟುವುದಿಲ್ಲ.

ಬೇಡ ಎಂದವರು, ಬೇಕು ಎಂದವರು

ನಕ್ಷೆ ನೋಡಿದವರಿಗೆ ನಂಬಿಕೆ ಬರಲಿಲ್ಲ. ಅಷ್ಟು ತೆಳ್ಳಗಿನ ಕಡ್ಡಿಗಳ ಮೇಲೆ ಅಷ್ಟು ದೊಡ್ಡ ಚಕ್ರ ನಿಲ್ಲುವುದೇ? ಗಾಳಿ ಬೀಸಿದರೆ ಮುರಿಯುವುದಿಲ್ಲವೇ? ಮೇಳದವರು ಒಮ್ಮೆ ಒಪ್ಪಿಗೆ ಕೊಟ್ಟು ಮತ್ತೆ ಹಿಂದಕ್ಕೆ ಪಡೆದರು. ಫೆರಿಸ್ ಬಿಡಲಿಲ್ಲ. ತಮ್ಮದೇ ಹಣ ಹಾಕಿ ನಕ್ಷೆಗಳನ್ನೂ ಲೆಕ್ಕಗಳನ್ನೂ ಮತ್ತೆ ಮಾಡಿಸಿದರು. ಕಂಪನಿಯ ಪಾಲುದಾರ ಎಂಜಿನಿಯರ್ ವಿಲಿಯಂ ಗ್ರೋನೌ ಒಂದೊಂದು ಕಡ್ಡಿಯ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿದರು. ಕೊನೆಗೆ 1892ರ ಡಿಸೆಂಬರ್ 16ರಂದು ಒಪ್ಪಿಗೆ ಸಿಕ್ಕಿತು. ಮೇಳದ ಬಾಗಿಲು ತೆರೆಯುವುದು 1893ರ ಮೇ 1ಕ್ಕೆ. ಉಳಿದದ್ದು ನಾಲ್ಕೂವರೆ ತಿಂಗಳು ಮಾತ್ರ. ಹಣವನ್ನೂ ಫೆರಿಸ್ ಅವರೇ ಹೂಡಿಕೆದಾರರಿಂದ ಕೂಡಿಸಬೇಕಿತ್ತು.

ಅದು ಚಿಕಾಗೋದ ಕೊರೆಯುವ ಚಳಿಗಾಲ. ನೆಲ ಹೆಪ್ಪುಗಟ್ಟಿ ಕಲ್ಲಿನಂತಾಗಿತ್ತು. ಅದನ್ನು ಒಡೆದು ಅಗೆದರೆ ಕೆಳಗೆ ನೀರು ತುಂಬಿದ ಉಸುಬು. ಕೆಲಸಗಾರರು ಬಿಸಿ ಉಗಿ ಹಾಯಿಸಿ ನೆಲವನ್ನು ಕರಗಿಸಿದರು. ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಹೆಪ್ಪುಗಟ್ಟದಂತೆ ಅದಕ್ಕೂ ಉಗಿ ಕೊಟ್ಟರು. ಹೀಗೆ ಗಟ್ಟಿ ನೆಲದ ಮೇಲೆ ತಳಪಾಯ ಕುಳಿತಿತು.

ಚಕ್ರದ ಅಚ್ಚನ್ನು ಬೆತ್ಲೆಹೆಮ್ ಕಬ್ಬಿಣ ಕಂಪನಿ ತಯಾರಿಸಿತು. ಉದ್ದ ನಲವತ್ತೈದೂವರೆ ಅಡಿ, ತೂಕ ಸುಮಾರು 40 ಟನ್. ನಮ್ಮ ಸಕಲೇಶಪುರ, ಆಲೂರು ಕಡೆ ಓಡಾಡುವ ಕಾಡಾನೆಗಳಲ್ಲಿ ಹತ್ತು ದೊಡ್ಡ ಗಂಡಾನೆಗಳನ್ನು ಒಟ್ಟಿಗೆ ತೂಗಿದರೆ ಹೆಚ್ಚುಕಡಿಮೆ ಅಷ್ಟು ತೂಕ ಬಂದೀತು. ಅದನ್ನು 140 ಅಡಿ ಎತ್ತರದ ಎರಡು ಗೋಪುರಗಳ ತಲೆಯ ಮೇಲೆ ಏರಿಸಿ ಕೂರಿಸಿದರು!

ಚಕ್ರ ನಿಂತದ್ದು ಹೇಗೆ?

ನಿಮ್ಮ ಮನೆಯ ಎತ್ತಿನ ಗಾಡಿಯ ಮರದ ಗಾಲಿಯನ್ನೂ ಸೈಕಲ್ ಚಕ್ರವನ್ನೂ ಹೋಲಿಸಿ ನೋಡಿ. ಗಾಡಿಯ ಗಾಲಿಯಲ್ಲಿ ದಪ್ಪ ಮರದ ಅರಗಳು ಭಾರವನ್ನು ಕಂಬದ ಹಾಗೆ ಹೊರುತ್ತವೆ. ಸೈಕಲ್ ಚಕ್ರದಲ್ಲಿ ಇರುವುದು ತೆಳ್ಳಗಿನ ಕಡ್ಡಿಗಳು. ಅಂಥ ಕಡ್ಡಿಯನ್ನು ಒತ್ತಿದರೆ ಬಗ್ಗುತ್ತದೆ, ಆದರೆ ಎಳೆದರೆ ಬಹಳ ಬಲ ತಡೆಯುತ್ತದೆ. ಫೆರಿಸ್ ಬಳಸಿದ್ದು ಸೈಕಲ್ಲಿನ ಉಪಾಯವನ್ನೇ. ಗೋಪುರಗಳ ಮೇಲಿನ ಅಚ್ಚಿನಿಂದ ಚಕ್ರದ ಕೆಳ ಅರ್ಧವು ಉಕ್ಕಿನ ಸರಳುಗಳಲ್ಲಿ ನೇತಾಡುತ್ತಿತ್ತು. ಮೇಲಿನ ಅರ್ಧ ಕಮಾನಿನಂತೆ ಕೆಳಗಿನ ಅರ್ಧದ ಮೇಲೆ ಕುಳಿತಿತ್ತು. ಆದ್ದರಿಂದಲೇ ನೋಡುವವರಿಗೆ ಜೇಡರ ಬಲೆಯಂತೆ ಕಂಡರೂ ಅದು ಗಟ್ಟಿಯಾಗಿತ್ತು.

ಇನ್ನು ತಿರುಗಿಸುವ ಮಾತು. ಚಕ್ರಕ್ಕೆ 36 ಡಬ್ಬಿಗಳು. ಒಂದೊಂದರಲ್ಲಿ 60 ಜನ. ಗುಣಿಸಿ ನೋಡಿ, ಒಟ್ಟು 2,160 ಜನ! ಇಷ್ಟು ಭಾರ ತಿರುಗಿಸಲು 1,000 ಅಶ್ವಶಕ್ತಿಯ ಒಂದು ಉಗಿ ಯಂತ್ರ ಸಾಕಾಗುತ್ತಿತ್ತು. ಇನ್ನೊಂದು ಯಂತ್ರ ತುರ್ತಿಗೆಂದು ಪಕ್ಕದಲ್ಲಿತ್ತು. ಇದು ಹೇಗೆ ಸಾಧ್ಯ? ತಕ್ಕಡಿಯನ್ನು ನೆನಪಿಸಿಕೊಳ್ಳಿ. ಎರಡು ತಟ್ಟೆಯಲ್ಲೂ ಸಮ ತೂಕವಿದ್ದರೆ ಬೆರಳು ತಾಗಿಸಿದರೂ ಅದು ಅಲ್ಲಾಡುತ್ತದೆ. ಚಕ್ರದಲ್ಲೂ ಒಂದು ಕಡೆ ಇಳಿಯುವ ಡಬ್ಬಿಗಳು ಇನ್ನೊಂದು ಕಡೆಯವನ್ನು ಏರಿಸಲು ನೆರವಾಗುತ್ತವೆ. ಯಂತ್ರವು ಘರ್ಷಣೆಯನ್ನೂ ಎರಡು ಕಡೆಯ ತೂಕದ ವ್ಯತ್ಯಾಸವನ್ನೂ ಮಾತ್ರ ಗೆಲ್ಲಬೇಕು.

ಜನರನ್ನು ಹೊತ್ತು ಮೇಲೇರಿದ ಚಕ್ರ

1893ರ ಜೂನ್ 9ರಂದು ಡಬ್ಬಿಗಳಿಲ್ಲದ ಚಕ್ರ ಮೊದಲ ಸಲ ತಿರುಗಿತು. ಎರಡು ದಿನ ಕಳೆದು, ಕೆಲವೇ ಡಬ್ಬಿಗಳಿದ್ದಾಗ, ಜನರನ್ನು ಕೂರಿಸಿ ಪರೀಕ್ಷೆ ನಡೆಯಿತು. ಆಗ ಫೆರಿಸ್ ಊರಿನಲ್ಲಿರಲಿಲ್ಲ. ಆ ಮೊದಲ ಸವಾರಿಯಲ್ಲಿ ಧೈರ್ಯವಾಗಿ ಕುಳಿತವರಲ್ಲಿ ಅವರ ಪತ್ನಿ ಮಾರ್ಗರೆಟ್ ಒಬ್ಬರು. ಜೂನ್ 21ರಂದು ಚಕ್ರ ಸಾರ್ವಜನಿಕರಿಗೆ ತೆರೆಯಿತು. ಮೇಳ ಶುರುವಾಗಿ ಏಳು ವಾರ ಕಳೆದಿತ್ತು, ಆದರೂ ಜನ ಮುಗಿಬಿದ್ದರು. ಟಿಕೆಟ್ 50 ಸೆಂಟ್. ಇಡೀ ಮೇಳದ ಪ್ರವೇಶಕ್ಕೂ ಅಷ್ಟೇ ಹಣವಿತ್ತು!

ಮೊದಲ ಸುತ್ತಿನಲ್ಲಿ ಚಕ್ರ ಆರು ಸಲ ನಿಂತು, ಪ್ರತಿ ಸಲ ಆರು ಡಬ್ಬಿಗಳಿಗೆ ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಎರಡನೆಯ ಸುತ್ತು ಎಲ್ಲೂ ನಿಲ್ಲದೆ ಸುಮಾರು 9 ನಿಮಿಷ. ಈಗ ಒಂದು ಲೆಕ್ಕ ಮಾಡೋಣ. ಚಕ್ರದ ವ್ಯಾಸ 250 ಅಡಿ. ಅದನ್ನು 22/7ರಿಂದ ಗುಣಿಸಿದರೆ ಸುತ್ತಳತೆ ಸುಮಾರು 786 ಅಡಿ. 9ರಿಂದ ಭಾಗಿಸಿದರೆ ನಿಮಿಷಕ್ಕೆ 87 ಅಡಿ. ನೀವು ಶಾಲೆಗೆ ನಡೆದು ಬರುವ ವೇಗಕ್ಕಿಂತಲೂ ಇದು ಕಡಿಮೆ! ಹೊಟ್ಟೆಯಲ್ಲಿ ಜುಂ ಎನ್ನಿಸದೆ, ನಗರವನ್ನೂ ಸರೋವರವನ್ನೂ ಹಕ್ಕಿಯಂತೆ ನೋಡುವ ಸವಾರಿ ಅದು.

ಜುಲೈ ತಿಂಗಳಲ್ಲಿ ಬಿರುಗಾಳಿಯೊಂದು ಬೀಸಿ ಮೇಳದ ದೊಡ್ಡ ಬೆಲೂನನ್ನು ಹರಿದುಹಾಕಿತು. ಚಕ್ರಕ್ಕೆ ಏನೂ ಆಗಲಿಲ್ಲ. ಮೇಳ ಮುಗಿಯುವಷ್ಟರಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಕುಳಿತಿದ್ದರು.

ಚಕ್ರಕ್ಕೂ ರೈಲಿಗೂ ಏನು ವ್ಯತ್ಯಾಸ?

ಫೆರಿಸ್ ಅವರಿಗಿಂತ ಒಂಬತ್ತು ವರ್ಷ ಮೊದಲು, 1884ರಲ್ಲಿ, ಲಾಮಾರ್ಕಸ್ ಥಾಂಪ್ಸನ್ ಎಂಬ ಅಮೆರಿಕದವರು ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಏರಿಳಿತದ ಹಳಿಯ ಮೇಲೆ ಓಡುವ ಆಟದ ಗಾಡಿ ಶುರು ಮಾಡಿದ್ದರು. ಇಂದಿನ ರೋಲರ್ ಕೋಸ್ಟರ್‌ಗಳ ಹಿರಿಯ ಅದು. ಬೆಂಗಳೂರು ಮೈಸೂರು ರಸ್ತೆಯ ಬಿಡದಿಯ ಹತ್ತಿರ 2005ರಲ್ಲಿ ತೆರೆದ ವಂಡರ್‌ಲಾ ಉದ್ಯಾನದಲ್ಲೂ ರೋಲರ್ ಕೋಸ್ಟರ್ ಇದೆ. ಚಕ್ರವನ್ನು ಯಂತ್ರ ಉದ್ದಕ್ಕೂ ತಿರುಗಿಸುತ್ತಿರಬೇಕು. ಆದರೆ ಸಾಮಾನ್ಯವಾಗಿ ರೋಲರ್ ಕೋಸ್ಟರ್ ಗಾಡಿಯನ್ನು ಯಂತ್ರ ಮೊದಲ ಏರಿನ ತುದಿಗೆ ಒಯ್ದರೆ ಸಾಕು. ಎತ್ತರದಲ್ಲಿ ಸೇರಿದ ಪ್ರಚ್ಛನ್ನ ಶಕ್ತಿ ಇಳಿಯುವಾಗ ಚಲನ ಶಕ್ತಿಯಾಗುತ್ತದೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆಯೇ ಸೈಕಲ್ ಓಡುವುದಿಲ್ಲವೇ, ಹಾಗೆ. ದಾರಿಯಲ್ಲಿ ಘರ್ಷಣೆಗೆ ಸ್ವಲ್ಪ ಶಕ್ತಿ ಕಳೆಯುವುದರಿಂದ ಮುಂದಿನ ಏರುಗಳು ಮೊದಲನೆಯದಕ್ಕಿಂತ ತಗ್ಗಾಗಿರಬೇಕು.

ದುಃಖದ ಕೊನೆಯ ದಿನಗಳು

ಇಷ್ಟು ಜನ ಹತ್ತಿದ ಚಕ್ರದಿಂದ ಫೆರಿಸ್ ಶ್ರೀಮಂತರಾದರೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಆದಾಯದ ಪಾಲಿನ ವಿಚಾರದಲ್ಲಿ ಮೇಳದವರ ಜೊತೆ ವ್ಯಾಜ್ಯ ಬಂತು. ಚಕ್ರದ ವಿಚಾರ ತನ್ನದೆಂದು ಸೋಮರ್ಸ್ ಮೊಕದ್ದಮೆ ಹೂಡಿದರು. ಸೋಮರ್ಸ್ ಅವರಿಗೆ ಅದರಲ್ಲಿ ಗೆಲುವು ಸಿಗಲಿಲ್ಲ, ಆದರೂ ಫೆರಿಸ್ ಅವರ ಹಣವೂ ನೆಮ್ಮದಿಯೂ ಕರಗಿದವು. ಮೇಳ ಮುಗಿದ ಮೇಲೆ ಚಕ್ರವನ್ನು ಬಿಚ್ಚಿ 1895ರಲ್ಲಿ ಚಿಕಾಗೋದ ಇನ್ನೊಂದು ಕಡೆ ನಿಲ್ಲಿಸಿದರು. ಮೊದಲಿನಷ್ಟು ಜನ ಅಲ್ಲಿಗೆ ಬರಲಿಲ್ಲ. ಸಾಲ ಬೆಳೆಯಿತು. 1896ರ ನವೆಂಬರ್ 22ರಂದು ಪಿಟ್ಸ್‌ಬರ್ಗ್‌ನ ಆಸ್ಪತ್ರೆಯಲ್ಲಿ ಟೈಫಾಯ್ಡ್ ಜ್ವರದಿಂದ ಫೆರಿಸ್ ತೀರಿಕೊಂಡರು. ಆಗ ಅವರಿಗೆ ಕೇವಲ 37 ವರ್ಷ.

ಅವರ ಚಕ್ರ 1904ರಲ್ಲಿ ಸೇಂಟ್ ಲೂಯಿಸ್ ನಗರದ ಮೇಳದಲ್ಲಿ ಮತ್ತೊಮ್ಮೆ ತಿರುಗಿತು. 1906ರಲ್ಲಿ ಅದನ್ನು ಸಿಡಿಮದ್ದಿಟ್ಟು ಕೆಡವಿದರು. ಆದರೆ ವಿಚಾರ ಸಾಯಲಿಲ್ಲ. ಚಿಕಾಗೋದಲ್ಲಿ ಆ ಚಕ್ರ ನೋಡಿದ್ದ ವಿಲಿಯಂ ಸಲಿವನ್ ಎಂಬ ಸೇತುವೆ ಕೆಲಸದವರು 1900ರಲ್ಲಿ 45 ಅಡಿಯ, ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಬಹುದಾದ ಚಕ್ರ ಮಾಡಿದರು. ಇಂದು ಲಾರಿಯಲ್ಲಿ ನಮ್ಮ ಜಾತ್ರೆಗಳಿಗೆ ಬರುವ ಜೈಂಟ್ ವೀಲ್‌ಗಳೂ ಇದೇ ಬಗೆಯವು. ವಿಯೆನ್ನಾ ನಗರದಲ್ಲಿ 1897ರಲ್ಲಿ ಕಟ್ಟಿದ ಚಕ್ರ ಇಂದಿಗೂ ತಿರುಗುತ್ತಿದೆ. 2021ರಲ್ಲಿ ದುಬೈನಲ್ಲಿ ತೆರೆದ ಚಕ್ರದ ಎತ್ತರ 250 ಮೀಟರ್, ಫೆರಿಸ್ ಚಕ್ರದ ಮೂರು ಪಟ್ಟಿಗೂ ಹೆಚ್ಚು.

ಮಾಡಿ ನೋಡಿ

ಒಂದು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ. ಮುಂದಿನ ಚಕ್ರದ ಅಂಚಿನ ಬಳಿ ನಾಲ್ಕು ಸಮ ಜಾಗಗಳಲ್ಲಿ ಪಕ್ಕಕ್ಕೆ ಚಾಚುವಂತೆ ತಂತಿ ಸಿಕ್ಕಿಸಿ, ಒಂದೊಂದರಿಂದ ಖಾಲಿ ಬೆಂಕಿಪೊಟ್ಟಣದ ತಟ್ಟೆಯನ್ನು ದಾರದಲ್ಲಿ ನೇತುಹಾಕಿ. ಚಕ್ರವನ್ನು ಮೆಲ್ಲಗೆ ತಿರುಗಿಸಿ. ತಟ್ಟೆಗಳು ತಲೆಕೆಳಗಾಗದೆ ನೇರವಾಗಿಯೇ ಇರುತ್ತವೆ. ಈಗ ಒಂದೇ ತಟ್ಟೆಗೆ ಹುಣಸೆ ಬೀಜ ಹಾಕಿ ಕೈ ಬಿಡಿ. ಭಾರದ ತಟ್ಟೆ ಕೆಳಗೆ ಬಂದು ನಿಲ್ಲುತ್ತದೆ. ಎದುರು ತಟ್ಟೆಗೂ ಅಷ್ಟೇ ಬೀಜ ಹಾಕಿ. ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಜೈಂಟ್ ವೀಲ್ ನಡೆಸುವವರು ಜನರನ್ನು ಎದುರುಬದುರು ಡಬ್ಬಿಗಳಲ್ಲಿ ಹಂಚಿ ಕೂರಿಸುವುದು ಇದಕ್ಕೇ.

ನೆನಪಿಡಿ

ಚಕ್ರದಲ್ಲಿ ಕುಳಿತಾಗ ಎದ್ದು ನಿಲ್ಲಬೇಡಿ, ಅಡ್ಡಕಂಬಿ ಹಾಕಿದ್ದಾರೆಯೇ ನೋಡಿಕೊಳ್ಳಿ, ಜಡೆ ಮತ್ತು ದುಪಟ್ಟಾ ಹೊರಗೆ ಬಿಡಬೇಡಿ. ಫೆರಿಸ್ ಅವರ ಪ್ರಾಣ ತೆಗೆದ ಟೈಫಾಯ್ಡ್ ಕೊಳಕು ನೀರು ಮತ್ತು ತೆರೆದಿಟ್ಟ ತಿಂಡಿಯಿಂದ ಹರಡುವ ರೋಗ. ಅವರ ಕಾಲದಲ್ಲಿ ಅದಕ್ಕೆ ತಕ್ಕ ಔಷಧ ಇರಲಿಲ್ಲ. ಇಂದು ಔಷಧವೂ ಇದೆ, ಲಸಿಕೆಯೂ ಇದೆ. ಆದರೂ ಜಾತ್ರೆಗೆ ಹೋಗುವಾಗ ಮನೆಯಿಂದ ಕಾಯಿಸಿ ಆರಿಸಿದ ನೀರು ಒಯ್ಯಿರಿ, ತಿನ್ನುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.