ಮಾರ್ಗನಿರ್ಮಾತೃಗಳಾದ ಸರ್ ಮಾರ್ಕ್ ಕಬ್ಬನ್ನರವರು

ಉತ್ತರ ಪಿನಾಕಿನಿಯು ಹರಿಯುವ ಪಾವಗಡದ ಸೀಮೆಯೂ, ಜಯಮಂಗಲಿಯು ಹರಿಯುವ ಕೊರಟಗೆರೆ ಮಧುಗಿರಿಗಳ ಸೀಮೆಯೂ ಬೆಟ್ಟಗಳಿಂದಲೂ ಹಳ್ಳಗಳಿಂದಲೂ ಕೂಡಿದುವು. ಪೂರ್ವದಲ್ಲಿ ಇಲ್ಲಿಯ ಧಾನ್ಯವು ಹೆಚ್ಚಾಗಿ ಹೇರೆತ್ತುಗಳ ಬೆನ್ನಿನ ಮೇಲೆಯೇ ಸಾಗಬೇಕಾಗಿದ್ದಿತು. ಹೊಳೆಯು ತುಂಬಿತೆಂದರೆ ಆಚೆಯ ದಡದ ಊರು ಪರದೇಶದಂತಾಗುತ್ತಿದ್ದಿತು. ಈ ಕಷ್ಟವನ್ನು ನೀಗಲು ಮೈಸೂರು ಸೀಮೆಯಲ್ಲಿ ಮೊದಲಾಗಿ ವಿಶೇಷ ಶ್ರಮಪಟ್ಟವರಲ್ಲಿ ಸರ್ ಮಾರ್ಕ್ ಕಬ್ಬನ್ನರವರು ಗಣ್ಯರು.

ಇವರು 1775ನೆಯ ಇಸವಿಯಲ್ಲಿ ಇಂಗ್ಲೆಂಡಿಗೆ ಸಮೀಪವಾದ ಮ್ಯಾನ್ ದ್ವೀಪದಲ್ಲಿ ಒಬ್ಬ ಪಾದ್ರಿಗಳ ಪುತ್ರರಾಗಿ ಜನಿಸಿ, 1800ರಲ್ಲಿ ಮದರಾಸಿನ ಸೈನ್ಯವನ್ನು ಸೇರಿದರು. ನಗರದ ದಂಗೆಯ ತರುವಾಯ 1831ರಲ್ಲಿ ಮೈಸೂರಿನ ಆಡಳಿತವನ್ನು ಕುಂಪಣಿಯವರು ವಹಿಸಿಕೊಂಡರು. 1834ರಲ್ಲಿ ಕಬ್ಬನ್ನರವರು ಕಮಿಷನರ್ ಪದವಿಗೆ ಬಂದು, 27 ವರ್ಷಗಳ ಕಾಲ ಬೆಂಗಳೂರಿನಿಂದ ರಾಜ್ಯಭಾರವನ್ನು ನಡೆಯಿಸಿದರು. ಬೇಸಗೆಯಲ್ಲಿ ಅವರು ವಾಸಿಸುತ್ತಿದ್ದುದು ನಂದಿಬೆಟ್ಟದಲ್ಲಿ. ನಮ್ಮ ಪಿನಾಕಿನಿಯು ಹುಟ್ಟುವುದೂ ಅದರ ನೆರೆಯ ಬೆಟ್ಟಗಳಲ್ಲಿಯೇ.

ಜಿಲ್ಲೆಯ ಮುಖ್ಯ ಪಟ್ಟಣಗಳನ್ನು ಬೆಂಗಳೂರಿಗೆ ಸೇರಿಸುವ ಬಂಡಿಯ ರಸ್ತೆಗಳೂ, ಘಟ್ಟವನ್ನಿಳಿದು ಕರಾವಳಿಗೆ ಹೋಗುವ ಮಾರ್ಗಗಳೂ ಅವರ ಕಾಲದಲ್ಲಿ ನಿರ್ಮಿತವಾದುವು. ಮರಾಮತ್ತಿನ ಇಲಾಖೆಯು 1856ರಲ್ಲಿ ಹೊಸದಾಗಿ ಏರ್ಪಡುವ ವೇಳೆಗೆ 1,597 ಮೈಲಿ ರಸ್ತೆಗಳೂ, 309 ಸೇತುವೆಗಳೂ, 1,998 ಮೋರಿಗಳೂ ಸಿದ್ಧವಾಗಿದ್ದುವು. ದಾರಿಯನ್ನು ಮಾಡಿ ಸುಂಕದಿಂದ ಹಿಂಡಿದರೆ ರೈತನಿಗೆ ಫಲವೇನು? ಅವರು 769 ಬಗೆಯ ಚಿಲ್ಲರೆ ತೆರಿಗೆಗಳನ್ನೂ ತೆಗೆದುಹಾಕಿಸಿದರು.

1861ರಲ್ಲಿ ಪದವಿಯನ್ನು ಬಿಟ್ಟು ಸ್ವದೇಶಕ್ಕೆ ಹೊರಟ ಆ ವೃದ್ಧರು ಊರನ್ನು ಮುಟ್ಟಲಿಲ್ಲ; ಮಾರ್ಗಮಧ್ಯದಲ್ಲಿ ಸೂಯೆಜ್ ಪಟ್ಟಣದಲ್ಲಿ ಕಾಲವಾದರು. ತುಮಕೂರು, ಶಿರಾ, ಚಿತ್ರದುರ್ಗಗಳ ಮೇಲೆ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ ಹರಿಹರದಲ್ಲಿ ತುಂಗಭದ್ರೆಯ ಸೇತುವೆಯು ಪೂರ್ಣವಾದುದು ಅವರ ಅನಂತರ, 1868ರಲ್ಲಿ.

ಅವರ ಕಾರ್ಯದ ಬೆಲೆಯೂ ಕೊರತೆಯೂ 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಒಟ್ಟಿಗೆ ತಿಳಿದುಬಂದುವು. ರೈಲಿನಲ್ಲಿ ಬೆಂಗಳೂರಿಗೆ ಬಂದ ಧಾನ್ಯವು ಒಳನಾಡಿಗೆ ಹೋಗಬೇಕಾದುದು ಈ ರಸ್ತೆಗಳಿಂದಲೇ. ಆದರೆ ಹೆದ್ದಾರಿಯಿಂದ ದೂರವಾದ ಹಳ್ಳಿಗಳಿಗೆ ದಾರಿಯಿರಲಿಲ್ಲ. ದಾರಿಯಿದ್ದಲ್ಲಿ ಬಂಡಿಯನ್ನೆಳೆಯುವ ಎತ್ತುಗಳು ಮೇವಿಲ್ಲದೆ ಸತ್ತಿದ್ದುವು. ಸುಮಾರು ಹತ್ತು ಲಕ್ಷ ಜನರು ಅಳಿದರು.

ಬೆಂಗಳೂರಿನ ಉದ್ಯಾನವು ಕಬ್ಬನ್ನರವರ ಹೆಸರನ್ನು ಹೊತ್ತಿದೆ. ಕಲ್ಲನ್ನು ಒಡೆದು ಮಣ್ಣನ್ನು ಹೊತ್ತ ಕೂಲಿಗಳ ಹೆಸರು ಎಲ್ಲಿಯೂ ಇಲ್ಲ. ಸೇತುವೆಯನ್ನು ದಾಟುವಾಗ ಭಕ್ತಮಹಾಶಯರು ಇಬ್ಬರನ್ನೂ ಸ್ಮರಿಸುವುದು ಯುಕ್ತವು. ಕಡೆಯ ಹಳ್ಳಿಯನ್ನು ಮುಟ್ಟುವ ವರೆಗೆ ಯಾವ ದಾರಿಯೂ ಮುಗಿದುದಲ್ಲವೆಂಬುದನ್ನು ಮರೆಯದಿರುವುದು ಅದಕ್ಕಿಂತಲೂ ಯುಕ್ತವು.