ಮಗ್ ಶಾಟ್ ಹಿಂದಿನ ಮನುಷ್ಯ: ಬರ್ಟಿಲಾನ್ ಗೆದ್ದದ್ದು, ಎಡವಿದ್ದು

ಎದುರಿನಿಂದ ಒಂದು ಫೋಟೋ, ಪಕ್ಕದಿಂದ ಒಂದು. ಬಂಧಿತರ ಫೋಟೋ ಹೀಗೇ ಇರಬೇಕು ಎಂಬ ಕ್ರಮ ತಂದವರು ಪ್ಯಾರಿಸ್ ಪೊಲೀಸ್ ಇಲಾಖೆಯ ಅಲ್ಫಾನ್ಸ್ ಬರ್ಟಿಲಾನ್. ಇದನ್ನೇ ಇವತ್ತು ‘ಮಗ್ ಶಾಟ್’ ಅಂತ ಕರೆಯುತ್ತಾರೆ.

ಬರ್ಟಿಲಾನ್ ಹುಟ್ಟಿದ್ದು 1853ರಲ್ಲಿ. ತಂದೆ ಅಂಕಿಅಂಶ ಶಾಸ್ತ್ರದ ದೊಡ್ಡ ವಿದ್ವಾಂಸರು. ಮಗನಿಗೆ ಮಾತ್ರ ಶಾಲೆ ಒಗ್ಗಲಿಲ್ಲ. 1879ರಲ್ಲಿ ತಂದೆಯ ಪ್ರಭಾವದಿಂದ ಪೊಲೀಸ್ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲಿ ಸಾವಿರಾರು ಫೋಟೋಗಳಿದ್ದವು, ಆದರೆ ಒಂದೊಂದೂ ಒಂದೊಂದು ಥರ. ಹೆಸರು ಬದಲಿಸಿಕೊಂಡು ಬಂದವನ ಹಳೇ ದಾಖಲೆ ಹುಡುಕೋದು ಆಗದ ಮಾತಾಗಿತ್ತು.

ಬೆಳೆದ ಮನುಷ್ಯನ ಮೂಳೆಯ ಅಳತೆ ಬದಲಾಗೋದಿಲ್ಲ ಎಂಬುದನ್ನು ಹಿಡಿದುಕೊಂಡು ಅವರು ತಲೆ, ಮಧ್ಯದ ಬೆರಳು, ಎಡಗಾಲಿನ ಪಾದ ಹೀಗೆ 11 ಅಳತೆಗಳ ಕಾರ್ಡ್ ಸಿದ್ಧಪಡಿಸಿದರು. ಮೇಲಧಿಕಾರಿಗಳು ಮೊದಲು ಕಿವಿಗೊಡಲಿಲ್ಲ. ಆದರೆ 1884ರ ಒಂದೇ ವರ್ಷದಲ್ಲಿ 241 ಹಳೇ ಅಪರಾಧಿಗಳು ಸಿಕ್ಕಿಬಿದ್ದರು. ಕಾರ್ಡಿಗೆ ಎರಡು ಕೋನದ ಫೋಟೋವೂ ಸೇರಿತು. 1892ರಲ್ಲಿ ಪ್ಯಾರಿಸ್‌ನಲ್ಲಿ ಬಾಂಬ್ ಇಟ್ಟ ರವಾಶೋಲ್‌ನ ನಿಜವಾದ ಗುರುತು ಬಯಲಾಗಿದ್ದು ಇದೇ ಅಳತೆಗಳಿಂದ. ಬರ್ಟಿಲಾನ್ ಹೆಸರು ಯುರೋಪ್, ಅಮೆರಿಕದಲ್ಲೆಲ್ಲ ಮನೆಮಾತಾಯಿತು.

ಎಡವಿದ್ದು ಆಮೇಲೆ. 1894ರಲ್ಲಿ ಫ್ರೆಂಚ್ ಸೇನೆಯ ಯಹೂದಿ ಅಧಿಕಾರಿ ಆಲ್ಫ್ರೆಡ್ ಡ್ರೇಫಸ್ ಮೇಲೆ ದೇಶದ್ರೋಹದ ಆರೋಪ ಬಂತು. ಬರ್ಟಿಲಾನ್ ಕೈಬರಹದ ತಜ್ಞರೇ ಅಲ್ಲ. ಆದರೂ ರಹಸ್ಯ ಪತ್ರ ಡ್ರೇಫಸ್ ಬರೆದದ್ದೇ ಎಂದು ಸಾಕ್ಷಿ ಹೇಳಿದರು. ಅಕ್ಷರ ಹೊಂದದ ಕಡೆ, ಡ್ರೇಫಸ್ ತನ್ನ ಕೈಬರಹವನ್ನು ತಾನೇ ನಕಲಿ ಮಾಡಿದ್ದಾನೆ ಎಂದು ವಾದಿಸಿದರು. ಅಂದರೆ ಅಕ್ಷರ ಹೊಂದಿದರೂ ತಪ್ಪಿತಸ್ಥ, ಹೊಂದದಿದ್ದರೂ ತಪ್ಪಿತಸ್ಥ! ಡ್ರೇಫಸ್‌ರನ್ನು ಸಮುದ್ರದಾಚೆಯ ಡೆವಿಲ್ಸ್ ದ್ವೀಪಕ್ಕೆ ಅಟ್ಟಲಾಯಿತು. ಮುಂದೆ ಗಣಿತಜ್ಞ ಪಾಯಿಂಕಾರೆ ಮತ್ತಿತರರು ಬರ್ಟಿಲಾನ್ ಲೆಕ್ಕದಲ್ಲಿ ಹುರುಳಿಲ್ಲವೆಂದು ತೋರಿಸಿದರು. 1906ರಲ್ಲಿ ಡ್ರೇಫಸ್ ನಿರಪರಾಧಿ ಎಂಬ ತೀರ್ಪು ಬಂತು. ಅಷ್ಟರಲ್ಲಿ 12 ವರ್ಷ ಕಳೆದಿತ್ತು.

ಅಳತೆ ಪದ್ಧತಿಗೂ ಪೆಟ್ಟು ಬಿತ್ತು. ಅಳೆಯುವವರ ಕೈ ಬದಲಾದರೆ ಅಂಕಿಯೂ ಬದಲಾಗುತ್ತಿತ್ತು. ಬಂಗಾಳ ಪೊಲೀಸ್‌ನಲ್ಲಿದ್ದ ಗಣಿತ ಬಲ್ಲ ಯುವಕ ಖಾಜಿ ಅಝೀಝುಲ್ ಹಕ್, ಸಹೋದ್ಯೋಗಿ ಹೇಮಚಂದ್ರ ಬೋಸ್ ಜೊತೆ ಬೆರಳಚ್ಚುಗಳನ್ನು ವಿಂಗಡಿಸುವ ಸುಲಭ ವಿಧಾನ ರೂಪಿಸಿದರು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಆರಂಭವಾಯಿತು. ಈ ವಿಧಾನಕ್ಕೆ ಹೆಸರು ಬಂದದ್ದು ಮಾತ್ರ ಅವರ ಬ್ರಿಟಿಷ್ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ.

ಬರ್ಟಿಲಾನ್ 1914ರಲ್ಲಿ ತೀರಿಕೊಂಡರು. ಅವರ ಅಳತೆ ಕಾರ್ಡುಗಳು ಮೂಲೆ ಸೇರಿದವು, ಫೋಟೋ ಉಳಿಯಿತು. ಇಂದು ಯಾರದೋ ಬಂಧನವಾದರೆ ವಿಚಾರಣೆಗೆ ಮೊದಲೇ ಅವರ ಫೋಟೋ ಎಲ್ಲರ ಮೊಬೈಲ್ ತಲುಪಿರುತ್ತದೆ. ಆ ಫೋಟೋ ಹೇಳೋದು ವ್ಯಕ್ತಿ ಯಾರು ಎಂಬುದನ್ನಷ್ಟೇ. ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ನ್ಯಾಯಾಲಯ. ಫಾರ್ವರ್ಡ್ ಒತ್ತುವ ಮುಂಚೆ ಡ್ರೇಫಸ್ ನೆನಪಾದರೆ ಒಳ್ಳೆಯದು.