ಪಗಾರ ಚೀಟಿಯ ಒಂದು ಸಾಲು ಮತ್ತು ಅಂಬೇಡ್ಕರ್

ನಮ್ಮ ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡರ್. ಅವರ ಪಗಾರ ಚೀಟಿಯಲ್ಲಿ ಪ್ರತಿ ತಿಂಗಳು ಇಎಸ್‌ಐ ಅಂತ ಒಂದು ಸಾಲು ಇರ್ತದೆ. ಅಪ್ಪನ ಪಗಾರದಿಂದ 0.75% ಕಟ್ ಆಗ್ತದೆ, ಮಾಲೀಕರು 3.25% ಕಟ್ತಾರೆ. ಅವ್ವನ ಶುಗರ್ ಗುಳಿಗೆ ಬರೋದು ಅದರಿಂದಲೇ. ಈ ಸಾಲಿನ ಹಿಂದೆ ಯಾರಿದ್ದಾರೆ ಅಂತ ಹುಡುಕಿದಾಗ ಸಿಕ್ಕ ಹೆಸರುಗಳಲ್ಲಿ ಒಂದು ನಮಗೆಲ್ಲ ಗೊತ್ತಿರೋದೇ: ಡಾ. ಬಿ. ಆರ್. ಅಂಬೇಡ್ಕರ್.

ಸಂವಿಧಾನದ ಅಂಬೇಡ್ಕರ್ ನಮಗೆ ಗೊತ್ತು. ಕಾರ್ಮಿಕ ಖಾತೆಯ ಅಂಬೇಡ್ಕರ್ ಅಷ್ಟಾಗಿ ಗೊತ್ತಿಲ್ಲ, ಅಲ್ವಾ?

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂನಲ್ಲಿ. ಕೊಲಂಬಿಯಾ ಮತ್ತು ಲಂಡನ್‌ನಲ್ಲಿ ಅರ್ಥಶಾಸ್ತ್ರ ಓದಿದರು. ಆದರೆ ಬಹಳ ವರ್ಷ ಬಾಳಿದ್ದು ಮುಂಬೈನ ಪರೇಲ್‌ನಲ್ಲಿ, ಗಿರಣಿ ಕಾರ್ಮಿಕರ ನಡುವಿನ ಒಂದು ಚಾಳಿನಲ್ಲಿ. ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಹೆಂಡತಿ ರಮಾಬಾಯಿ ಬಹಳ ದಿನ ಕಾಯಿಲೆ ಬಿದ್ದು 1935ರಲ್ಲಿ ತೀರಿಕೊಂಡರು. ಬಡವರ ಮನೆಗೆ ಕಾಯಿಲೆ ಬಂದರೆ ಏನಾಗ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಜಿಲ್ಲೆಗೂ ಅವರ ನಂಟಿದೆ. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು.

1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಕಾರ್ಮಿಕ ಹೆಣ್ಣುಮಕ್ಕಳ ಹೆರಿಗೆ ಭತ್ಯೆಯ ಮಸೂದೆ ಬಂತು. ಅಂಬೇಡ್ಕರರು ಅದನ್ನು ಬೆಂಬಲಿಸಿದರು. ತಾಯಿಗೆ ವಿಶ್ರಾಂತಿ ಕೊಡೋದು ಇಡೀ ಸಮಾಜಕ್ಕೆ ಬೇಕಾದದ್ದು, ಆದ್ದರಿಂದ ಈ ಖರ್ಚಿನ ದೊಡ್ಡ ಭಾಗ ಸರ್ಕಾರವೇ ಹೊರಬೇಕಿತ್ತು ಅನ್ನೋದು ಅವರ ವಾದವಾಗಿತ್ತು.

1942ರ ಜುಲೈನಲ್ಲಿ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು. ಮುಂದಿನ ನಾಲ್ಕು ವರ್ಷದ ಕೆಲಸ ನೋಡಿದರೆ ತಲೆ ತಿರುಗ್ತದೆ. ಕಲ್ಲಿದ್ದಲ ಗಣಿಗಳ ಒಳಗೆ ಇಳಿದು ನೋಡಿದರು. 1944ರಲ್ಲಿ ಕಲ್ಲಿದ್ದಲ ಮೇಲೆ ಸೆಸ್ ಹಾಕಿ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಶುರುವಾಯಿತು. ದವಾಖಾನೆ, ಮನೆ, ನೀರು ಎಲ್ಲಕ್ಕೂ ಆ ದುಡ್ಡು. ಇದು ತೆರಿಗೆಯ ದಾರಿ.

ಇನ್ನೊಂದು ವಿಮೆಯ ದಾರಿ. 1943ರಲ್ಲಿ ಪ್ರೊ. ಬಿ. ಪಿ. ಅದಾರ್ಕರ್ ಅವರಿಗೆ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆ ಯೋಜನೆ ತಯಾರಿಸಲು ಸರ್ಕಾರ ಹೇಳಿತು. 1944ರಲ್ಲಿ ವರದಿ ಬಂತು. ಇದು ಏಜೆಂಟ್ ಮಾರುವ ವಿಮೆ ಅಲ್ಲ. ಎಲ್ಲರೂ ಕಡ್ಡಾಯವಾಗಿ ಸೇರಬೇಕು, ಪಗಾರಕ್ಕೆ ತಕ್ಕಂತೆ ಕಟ್ಟಬೇಕು, ಕಾಯಿಲೆಗೆ ತಕ್ಕಂತೆ ಪಡೆಯಬೇಕು. ನಿಮಗೆ ಶುಗರ್ ಇದೆ ಅಂತ ಯಾರೂ ಜಾಸ್ತಿ ದುಡ್ಡು ಕೇಳೋ ಹಾಗಿಲ್ಲ. ಮಸೂದೆ ಮಂಡನೆಯಾಗುವ ಹೊತ್ತಿಗೆ ಅಂಬೇಡ್ಕರರು ಆ ಖಾತೆಯಲ್ಲಿ ಇರಲಿಲ್ಲ. 1948ರಲ್ಲಿ ಅದು ಕಾಯ್ದೆಯಾಯಿತು, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಇಎಸ್‌ಐ ಶುರುವಾಯಿತು.

1947ರಲ್ಲಿ ಸಂವಿಧಾನ ಸಭೆಗೆ ಕೊಟ್ಟ ಮನವಿಯಲ್ಲಿ ಅವರು ಇನ್ನೂ ಮುಂದೆ ಹೋದರು. ವಿಮೆ ಪೂರ್ತಿ ಸರ್ಕಾರದ ಕೈಲಿರಬೇಕು, ಪ್ರತಿ ವಯಸ್ಕರೂ ದುಡಿಮೆಗೆ ತಕ್ಕಂತೆ ಜೀವ ವಿಮೆ ಮಾಡಿಸಲೇಬೇಕು ಅಂತ ಕೇಳಿದರು. ಸಂವಿಧಾನದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 1956ರಲ್ಲಿ ಜೀವ ವಿಮೆ ರಾಷ್ಟ್ರೀಕರಣವಾಗಿ ಎಲ್‌ಐಸಿ ಬಂತು. ಅದೇ ವರ್ಷ ಡಿಸೆಂಬರ್ 6ರಂದು ಅಂಬೇಡ್ಕರರು ತೀರಿಕೊಂಡರು. ಅವರಿಗೂ ಬಹಳ ವರ್ಷದಿಂದ ಶುಗರ್ ಇತ್ತು. 1999ರ ಕಾಯ್ದೆಯ ನಂತರ ಖಾಸಗಿ ವಿಮಾ ಕಂಪನಿಗಳು ಮತ್ತೆ ಬಂದವು.

ಈಗ ನಮ್ಮ ಮನೆ ವಿಷಯ. ಇಎಸ್‌ಐಗೆ ಪಗಾರದ ಮಿತಿ 21,000 ರೂಪಾಯಿ. ಬರುವ ಏಪ್ರಿಲ್‌ನಿಂದ ಅಪ್ಪನ ಪಗಾರ ಅದನ್ನು ದಾಟ್ತದೆ. ಆಮೇಲೆ ಇಎಸ್‌ಐ ಸಿಗೋದು ಕೆಲವೇ ತಿಂಗಳು. ಹೋದ ವಾರ ವಿಮೆ ಏಜೆಂಟ್ ಮನೆಗೆ ಬಂದಿದ್ದರು. ಅವ್ವನ ಶುಗರ್ ಮೊದಲೇ ಇರೋದರಿಂದ ಅದಕ್ಕೆ ಕಾಯುವ ಅವಧಿ ಇದೆಯಂತೆ, ಪ್ರೀಮಿಯಮ್ಮೂ ಜಾಸ್ತಿಯಂತೆ. ಖಾನಾಪುರದ ಮಾಮಾ ಹೊಲದಲ್ಲಿ ದುಡಿಯೋರು, ಅವರಿಗೆ ಪಗಾರ ಚೀಟಿಯೇ ಇಲ್ಲ. ಇಎಸ್‌ಐ ಅವರನ್ನು ಯಾವತ್ತೂ ಮುಟ್ಟಿಲ್ಲ. ಅವರಿಗಿರೋದು ಸರ್ಕಾರಿ ದವಾಖಾನೆ ಮತ್ತು ಆಯುಷ್ಮಾನ್ ಕಾರ್ಡ್.

ಸರ್ಕಾರಿ ದವಾಖಾನೆಯಲ್ಲಿ ಪಾಳಿ ಹಚ್ಚೋದು ಎಷ್ಟು ಬ್ಯಾಸರ ಅಂತ ನನಗೂ ಗೊತ್ತು. ಖಾಸಗಿ ವಿಮೆ ಇದ್ದರೆ ಬೇಗ ಕೆಲಸ ಆಗ್ತದೆ ಅನ್ನೋ ಗೆಳೆಯರ ಮಾತಲ್ಲೂ ಸತ್ಯ ಇದೆ. ಆದರೆ ಆ ವಿಮೆ ಮೊದಲು ಕೇಳೋದು ನಿಮಗೇನು ಕಾಯಿಲೆ ಇದೆ ಅಂತ. ಅಂಬೇಡ್ಕರರ ಕಾಲದ ಯೋಜನೆ ಕೇಳಿದ್ದು ನಿಮ್ಮ ಪಗಾರ ಎಷ್ಟು ಅಂತ. ನನಗೆ ಎರಡನೇ ಪ್ರಶ್ನೆಯೇ ನ್ಯಾಯ ಅನಿಸ್ತದೆ. ಅದನ್ನ ಮಾಮಾನಂಥವರಿಗೂ ಕೇಳೋ ವ್ಯವಸ್ಥೆ ಇನ್ನೂ ಆಗಬೇಕು.

ಪಗಾರ ಹೆಚ್ಚಾಗ್ತದೆ ಅಂತ ಅಪ್ಪ ಪೇಢೆ ತಂದಿದ್ದರು. ಅವ್ವ ತಿನ್ನಲಿಲ್ಲ. ಶುಗರ್ ಒಂದೇ ಕಾರಣ ಅಲ್ಲ ಅಂತ ನನಗೆ ಗೊತ್ತಾಯಿತು.